ಪಕ್ಕದ ಮನೆಗೆ ಬಂತು, ನಮಗೆ ಯಾಕೆ ಬರಲಿಲ್ಲ?

ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿದೆ, ಆದರೂ ತಂದೆಯವರಿಗೆ ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್ ಹಣದ ಎರಡು ಕಂತು ಬಂದಿಲ್ಲ ಅಂತ ಕೇಳಿದ್ದೀರಿ. ಸುಮ್ನೆ ಸೈಬರ್ ಸೆಂಟರಿಗೆ ಹೋಗಿ ಮತ್ತೆ ಇ-ಕೆವೈಸಿ ಮಾಡಿಸಬೇಡಿ. ಅದೊಂದೇ ಸಾಲದು.

ಮೊದಲು ಪಿಎಂ ಕಿಸಾನ್ ವೆಬ್‌ಸೈಟಿನಲ್ಲಿ ಅವರ ಸ್ಟೇಟಸ್ ತೆಗೆದು ನೋಡಿ. ಅಲ್ಲಿ ಇ-ಕೆವೈಸಿ ಜೊತೆಗೆ ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ), ಆಧಾರ್ ಬ್ಯಾಂಕ್ ಸೀಡಿಂಗ್ (ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ) ಅಂತಲೂ ಇರುತ್ತವೆ. ಮೂರೂ 'ಯೆಸ್' ಇರಬೇಕು. ಲ್ಯಾಂಡ್ ಸೀಡಿಂಗ್ 'ನೋ' ಇದ್ದರೆ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಫ್ರೂಟ್ಸ್ ಐಡಿಗೆ (ರಾಜ್ಯದಲ್ಲಿ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ನಿಮ್ಮ ಸರ್ವೆ ನಂಬರ್ ಸೇರಿದೆಯಾ ಅಂತ ಕೇಳಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗಬೇಕು. ಅದು ಸ್ವಲ್ಪ ಓಡಾಟದ ಕೆಲಸ.

ಮೂರೂ 'ಯೆಸ್' ಇದ್ದೂ ದುಡ್ಡು ಕಾಣದಿದ್ದರೆ? ನಮ್ಮಪ್ಪನಿಗೆ ಹೀಗೇ ಆಗಿತ್ತು. ಆಧಾರ್ ಮೂಲಕ ಬರುವ ಹಣ ಪಾಸ್‌ಬುಕ್ ಕೊಟ್ಟ ಖಾತೆಗೇ ಬೀಳಬೇಕೆಂದಿಲ್ಲ, ಎಲ್ಲಕ್ಕಿಂತ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಅಪ್ಪ ಬೆಳೆ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಮರೆತಿದ್ದರು. ಅಟ್ಟದ ಟ್ರಂಕಿನಲ್ಲಿದ್ದ ಆ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ, ಎರಡೆರಡು ಸಾವಿರದ ಮೂರು ಸಾಲು! ವರ್ಷದ 6,000 ಪೂರ್ತಿ ಅಲ್ಲೇ ಕೂತಿತ್ತು.

ಹಾಂ, ಪಿಎಂ ಕಿಸಾನ್ ಜೊತೆಗೆ ರಾಜ್ಯ ಸರ್ಕಾರ ಕೊಡುತ್ತಿದ್ದ 4,000 ಎಲ್ಲಿ ಅಂತಲೂ ಕೇಳಿದ್ದೀರಿ ಅಲ್ವಾ? ಅದು 2023ರಲ್ಲೇ ನಿಂತಿತು. ಅದಕ್ಕೆ ಅಲೆಯಬೇಡಿ. ಸ್ಟೇಟಸ್‌ನಲ್ಲಿ ಏನು ಬಂತು ಅಂತ ಇಲ್ಲೇ ಹಾಕಿ, ನೋಡೋಣ. ಆಧಾರ್ ನಂಬರ್ ಮಾತ್ರ ಹಾಕಬೇಡಿ.