ಟಮ್ಮಿ ಟಕ್ ಮಾಡಿಸಿಕೊಳ್ಳಲು ಬ್ಯಾಂಕಾಕ್‌ಗೆ ಹೋಗುವುದಾದರೆ ಏಳು ರಾತ್ರಿಯ ಪ್ಯಾಕೇಜ್ ಸಾಕೇ?

ನೀವು ಬರೆದಿರುವುದು ಇಷ್ಟು: ಊರು ಬೆಂಗಳೂರು, ಎರಡು ಸಿಸೇರಿಯನ್ ಆಗಿದೆ, ಚಿಕ್ಕ ಮಗುವಿಗೆ ಮೂರು ವರ್ಷ, ಹೊಟ್ಟೆಯ ಚರ್ಮ ಜೋತುಬಿದ್ದಿದೆ. ಏಜೆನ್ಸಿಯವರು ಟಮ್ಮಿ ಟಕ್ (ಜೋತುಬಿದ್ದ ಹೊಟ್ಟೆಯನ್ನು ಬಿಗಿ ಮಾಡುವ ಆಪರೇಷನ್), ಸೊಂಟದ ಲೈಪೊಸಕ್ಷನ್ (ಕೊಬ್ಬು ಹೀರಿ ತೆಗೆಯುವುದು), ಸ್ತನ ಎತ್ತಿಕಟ್ಟುವ ಆಪರೇಷನ್ ಮೂರನ್ನೂ ಒಟ್ಟಿಗೆ ಮಾಡಿಸಿ ಎಂಟನೇ ದಿನ ವಿಮಾನ ಹತ್ತಿಸುತ್ತೇವೆ ಅಂದಿದ್ದಾರೆ. ಅಷ್ಟು ದಿನ ಸಾಕಾ ಅಂತ ಕೇಳಿದ್ದೀರಿ.

ಸಾಲದು. ಆಪರೇಷನ್ ಆದವರ ಆರೈಕೆಯೇ ನನ್ನ ಕೆಲಸವಾದ್ದರಿಂದ ಈ ಲೆಕ್ಕವನ್ನು ಹಿಂದಿನಿಂದ ಶುರುಮಾಡುತ್ತೇನೆ: ಮೊದಲು ವಾಪಸ್ ಬರುವ ದಿನ, ಆಮೇಲೆ ಹೋಗುವ ದಿನ. ಏಜೆನ್ಸಿಯವರು ಹೋಟೆಲ್ ರಾತ್ರಿಗಳನ್ನು ಎಣಿಸುತ್ತಾರೆ. ನೀವು ಎಣಿಸಬೇಕಾದ್ದು ಡ್ರೈನ್, ಅಂದರೆ ಗಾಯದೊಳಗಿನ ನೀರು ಹೊರತರುವ ಕೊಳವೆ, ತೆಗೆಯುವ ದಿನವನ್ನು.

ಟಮ್ಮಿ ಟಕ್‌ನಲ್ಲಿ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಕೊಯ್ದು, ಹೊಟ್ಟೆಯ ಚರ್ಮವನ್ನೂ ಕೊಬ್ಬನ್ನೂ ಸ್ನಾಯುವಿನ ಮೇಲಿಂದ ಪಕ್ಕೆಲುಬಿನ ತನಕ ಬಿಡಿಸುತ್ತಾರೆ. ಅಗಲವಾಗಿರುವ ಸ್ನಾಯುಗಳನ್ನು ಹೊಲಿದು ಹತ್ತಿರ ತಂದು, ಹೆಚ್ಚಾದ ಚರ್ಮ ಕತ್ತರಿಸಿ, ಉಳಿದದ್ದನ್ನು ಕೆಳಗೆ ಎಳೆದು ಹೊಲಿಯುತ್ತಾರೆ. ಹೊಕ್ಕುಳಿಗೆ ಹೊಸ ರಂಧ್ರ ಮಾಡುತ್ತಾರೆ. ಬಿಡಿಸಿದ ಆ ಜಾಗ ಅಂಗೈಯಷ್ಟಲ್ಲ, ಒಂದು ದೊಡ್ಡ ತಟ್ಟೆಯಷ್ಟು. ಅಲ್ಲಿ ನೀರು ಒಸರುತ್ತಲೇ ಇರುತ್ತದೆ. ಅದನ್ನು ಹೊರಗೆ ಎಳೆಯಲು ಸಾಮಾನ್ಯವಾಗಿ ಎರಡು ಕೊಳವೆ ಇಟ್ಟು, ತುದಿಗೆ 100 ಮಿಲಿಲೀಟರಿನ ಮೆತ್ತನೆಯ ಬಲ್ಬ್ ಸಿಕ್ಕಿಸಿರುತ್ತಾರೆ. ಬಲ್ಬನ್ನು ಅಮುಕಿ ಚಪ್ಪಟೆ ಮಾಡಿ ಮುಚ್ಚಳ ಹಾಕಿದರೆ ಮಾತ್ರ ಅದು ಎಳೆಯುತ್ತದೆ. ಉಬ್ಬಿದ ಬಲ್ಬ್ ಸುಮ್ಮನೆ ತೂಗಾಡುವ ಚೀಲ ಅಷ್ಟೆ. ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ ಖಾಲಿ ಮಾಡಿ ಎಷ್ಟು ಬಂತು, ಯಾವ ಬಣ್ಣ ಅಂತ ಬರೆದಿಡಬೇಕು. ಮೊದಲೆರಡು ದಿನ ಕೆಂಪು, ಆಮೇಲೆ ಗುಲಾಬಿ, ಕೊನೆಗೆ ತಿಳಿಹಳದಿ. ಕೊಳವೆಯೊಳಗೆ ರಕ್ತದ ಗಂಟು ಕೂತರೆ, ಚರ್ಮದ ಹತ್ತಿರ ಕೊಳವೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಿನಿಂದ ಬಲ್ಬ್ ಕಡೆಗೆ ಸವರಿ ಇಳಿಸಬೇಕು. ಹಿಡಿಯದೆ ಸವರಿದರೆ ಹೊಲಿಗೆಯೇ ಎಳೆದುಕೊಳ್ಳುತ್ತದೆ.

ಒಂದು ಡ್ರೈನ್‌ನಲ್ಲಿ 24 ಗಂಟೆಗೆ 25-30 ಮಿಲಿಲೀಟರಿಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದ ಮೇಲೆ ತೆಗೆಯುವುದು ವಾಡಿಕೆ. ಕೆಲವರಿಗೆ ಐದನೇ ದಿನಕ್ಕೆ ಅಷ್ಟಕ್ಕೆ ಇಳಿಯುತ್ತದೆ, ಹಲವರಿಗೆ ಹತ್ತು ದಿನ ಬೇಕು. ಎಂಟನೇ ದಿನ ವಿಮಾನ ಅಂತ ನಿಗದಿಯಾಗಿದ್ದರೆ 60 ಮಿಲಿಲೀಟರ್ ಬರುತ್ತಿರುವಾಗಲೇ ಕಿತ್ತು ಕಳಿಸುತ್ತಾರೆ. ನೀರು ಬರುವುದು ನಿಲ್ಲುವುದಿಲ್ಲ, ಒಳಗೇ ನಿಲ್ಲುತ್ತದೆ. ಇದನ್ನೇ ಸೆರೋಮಾ ಅನ್ನುವುದು. ಹೊಟ್ಟೆ ತಟ್ಟಿದರೆ ನೀರು ತುಂಬಿದ ಬಲೂನಿನಂತೆ ಅಲೆಯೇಳುತ್ತದೆ. ಈ ಆಪರೇಷನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆ ಇದೇ. ವಾರಕ್ಕೆ ಒಂದೆರಡು ಸಲ ಸಿರಿಂಜ್ ಹಾಕಿ ಎಳೆಸಿಕೊಳ್ಳಬೇಕಾಗುತ್ತದೆ. ಆಗ ನೀವು ಬೆಂಗಳೂರಿನಲ್ಲಿ, ಡಾಕ್ಟರು ಬ್ಯಾಂಕಾಕ್‌ನಲ್ಲಿ. ಕೆಲವು ಸರ್ಜನ್‌ಗಳು ಒಳಗೇ ಸಾಲುಸಾಲಾಗಿ ಹೊಲಿಗೆ ಹಾಕಿ ಡ್ರೈನ್ ಇಲ್ಲದೆ ಮುಗಿಸುತ್ತಾರೆ, ಅದೂ ಒಳ್ಳೆಯ ವಿಧಾನವೇ. ನಿಮಗೆ ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

ಎರಡನೆಯದು ರಕ್ತ ಹೆಪ್ಪುಗಟ್ಟುವ ಅಪಾಯ. ಸೌಂದರ್ಯದ ಆಪರೇಷನ್‌ಗಳಲ್ಲಿ ಟಮ್ಮಿ ಟಕ್‌ಗೆ ಇದು ಹೆಚ್ಚು, ಜೊತೆಗೆ ಬೇರೆ ಆಪರೇಷನ್ ಸೇರಿಸಿದರೆ ಇನ್ನೂ ಹೆಚ್ಚು. ಸ್ನಾಯು ಬಿಗಿದು ಹೊಲಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಕಾಲಿನ ರಕ್ತ ಮೇಲೇರುವುದು ನಿಧಾನವಾಗುತ್ತದೆ. ನೋವಿಗೆ ಹೆದರಿ ನಡೆಯದೆ ಮಲಗಿದರೆ ಇನ್ನೂ ನಿಧಾನ. ಮೀನಖಂಡದಲ್ಲಿ ಗಟ್ಟಿಯಾದ ಗಂಟು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಬೆಂಗಳೂರು-ಬ್ಯಾಂಕಾಕ್ ಹಾರಾಟ ಸುಮಾರು ನಾಲ್ಕು ಗಂಟೆ. ಅದಕ್ಕೆ ವಿಮಾನ ನಿಲ್ದಾಣದಲ್ಲಿ ಕೂರುವ ಮೂರು ಗಂಟೆ, ದೇವನಹಳ್ಳಿಯಿಂದ ಮನೆವರೆಗಿನ ಟ್ರಾಫಿಕ್ಕನ್ನೂ ಸೇರಿಸಿ. ಎದೆ, ಹೊಟ್ಟೆಯ ಆಪರೇಷನ್ ಆದವರು ಕನಿಷ್ಠ 10 ದಿನ ವಿಮಾನ ಹತ್ತಬಾರದು ಅನ್ನುವುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಸಲಹೆ. ಸ್ನಾಯು ಹೊಲಿದ ಪೂರ್ತಿ ಟಮ್ಮಿ ಟಕ್‌ಗೆ ನಾನು 14 ದಿನ ಅನ್ನುತ್ತೇನೆ.

ಹಾಗಾದರೆ ಲೆಕ್ಕ ಹೀಗಾಗುತ್ತದೆ. ಹೋದ ದಿನ ವಿಶ್ರಾಂತಿ. ಮರುದಿನ ಸರ್ಜನ್ ಭೇಟಿ, ರಕ್ತ ಪರೀಕ್ಷೆ, ಇಸಿಜಿ, ಅರಿವಳಿಕೆ ಡಾಕ್ಟರ ತಪಾಸಣೆ. ಮೂರನೇ ದಿನ ಆಪರೇಷನ್. ಆಮೇಲೆ ಆಸ್ಪತ್ರೆಯಲ್ಲಿ ಎರಡು ರಾತ್ರಿ, ಹತ್ತಿರದ ಹೋಟೆಲಿನಲ್ಲಿ ಹನ್ನೆರಡು. ಒಟ್ಟು 16-17 ದಿನ. ಟಿಕೆಟ್ ತಾರೀಖು ಬದಲಿಸಲು ಬರುವಂಥದ್ದೇ ಇರಲಿ, ಮೂರ್ನಾಲ್ಕು ದಿನದ ಹೋಟೆಲ್ ಖರ್ಚು ಕೈಯಲ್ಲಿರಲಿ. ಇಷ್ಟು ರಜೆ ಸಿಗುವುದಿಲ್ಲ ಅಂದರೆ ಈ ಆಪರೇಷನ್ನನ್ನು ಹೊರದೇಶದಲ್ಲಿ ಮಾಡಿಸಬೇಡಿ, ಬೆಂಗಳೂರಿನಲ್ಲೇ ಮಾಡಿಸಿ.

ಮೂರು ಆಪರೇಷನ್ ಒಟ್ಟಿಗೆ ಅನ್ನುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಆರು ಗಂಟೆ ದಾಟಿದ ಆಪರೇಷನ್‌ನಲ್ಲಿ ಮೈ ತಣ್ಣಗಾಗುವುದು, ರಕ್ತ ಹೋಗುವುದು, ಹೆಪ್ಪುಗಟ್ಟುವುದು ಎಲ್ಲವೂ ಏರುತ್ತದೆ. ಟಮ್ಮಿ ಟಕ್ ಜೊತೆ ಪಕ್ಕೆಯ ಅಲ್ಪಸ್ವಲ್ಪ ಲೈಪೊಸಕ್ಷನ್ ಪರವಾಗಿಲ್ಲ, ಆದರೆ ಬಿಡಿಸಿದ ಚರ್ಮದ ನಡುಭಾಗದಲ್ಲಿ ಜೋರಾಗಿ ಕೊಬ್ಬು ಹೀರಿದರೆ ಅಲ್ಲಿಗೆ ರಕ್ತ ಸಾಲದೆ ಚರ್ಮ ಕಪ್ಪಾಗಿ ಸಾಯುತ್ತದೆ. ಐದು ಲೀಟರ್ ದಾಟಿದ ಲೈಪೊಸಕ್ಷನ್ನನ್ನು 'ದೊಡ್ಡ ಪ್ರಮಾಣ' ಅಂತ ಬೇರೆಯಾಗಿಯೇ ನೋಡುತ್ತಾರೆ, ಆ ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು. ತೆಗೆದ ಕೊಬ್ಬನ್ನು ಪೃಷ್ಠಕ್ಕೆ ತುಂಬುತ್ತೇವೆ ಅಂತ ಯಾರಾದರೂ ರಿಯಾಯಿತಿ ಕೊಟ್ಟರೆ ಬೇಡ ಅನ್ನಿ. ಆ ಕೊಬ್ಬು ಸ್ನಾಯುವಿನೊಳಗಿನ ದೊಡ್ಡ ರಕ್ತನಾಳಕ್ಕೆ ನುಗ್ಗಿ ಸಾವುಗಳಾಗಿವೆ. 2018ರಲ್ಲಿ ಹಲವು ಸರ್ಜನ್ ಸಂಘಗಳು ಸೇರಿಯೇ ಎಚ್ಚರಿಕೆ ಕೊಟ್ಟವು. ಸ್ತನದ ಆಪರೇಷನ್ನನ್ನು ಆರು ತಿಂಗಳು ಬಿಟ್ಟು ಯೋಚಿಸಿ.

ಇನ್ನು, ನಿಮಗೆ ನಿಜಕ್ಕೂ ಬೇಕಾದ್ದು ಏನು ಅಂತ ಮನೆಯಲ್ಲೇ ಸ್ವಲ್ಪ ತಿಳಿಯಬಹುದು. ಅಂಗಾತ ಮಲಗಿ, ಮಂಡಿ ಮಡಿಸಿ, ತಲೆ ಮಾತ್ರ ಎತ್ತಿ. ಹೊಕ್ಕುಳಿನ ಮೇಲೆ, ಕೆಳಗೆ ಬೆರಳು ಅಡ್ಡ ಇಟ್ಟು ಒತ್ತಿ ನೋಡಿ. ಎರಡು ಬೆರಳಿಗಿಂತ ಅಗಲ ಇಳಿದರೆ ಸ್ನಾಯು ಬಿಟ್ಟುಕೊಂಡಿದೆ ಅಂತ ಅರ್ಥ. ಅದಕ್ಕೆ ಲೈಪೊಸಕ್ಷನ್ನಿಂದ ಏನೂ ಆಗದು. ಚರ್ಮ ಸಡಿಲವಿಲ್ಲದೆ ಸ್ನಾಯು ಮಾತ್ರ ಸಡಿಲವಾಗಿದ್ದರೆ ಮೊದಲು ಫಿಸಿಯೋಥೆರಪಿ ಮಾಡಿ ನೋಡಿ. ಹೊಕ್ಕುಳ ಹತ್ತಿರ ಉಬ್ಬು ಬಂದುಹೋಗುತ್ತಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ. ಹರ್ನಿಯಾ ಇದ್ದರೆ ಅದರ ರಿಪೇರಿಗೆ ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅನ್ವಯಿಸುತ್ತದೆ, ಸೌಂದರ್ಯದ ಭಾಗಕ್ಕೆ ಇಲ್ಲ. ಇಷ್ಟರಿಂದಲೇ ನೀವು ಬ್ಯಾಂಕಾಕ್ ಬಿಟ್ಟು ಇಲ್ಲೇ ಮಾಡಿಸುವ ಮನಸ್ಸು ಮಾಡಬಹುದು. ಮೂರನೇ ಮಗುವಿನ ಯೋಚನೆ ಇದ್ದರೆ ಈಗ ಬೇಡ, ಹೊಲಿದ ಸ್ನಾಯು ಮತ್ತೆ ಹಿಗ್ಗುತ್ತದೆ.

ಸಿಸೇರಿಯನ್ ಗಾಯದ ಗುರುತು ಹೆಚ್ಚಾಗಿ ಕತ್ತರಿಸುವ ಚರ್ಮದ ಜೊತೆಗೇ ಹೋಗುತ್ತದೆ. ಪಿತ್ತಕೋಶದ ಹಳೆಯ ಆಪರೇಷನ್ನಿನಿಂದ ಬಲ ಪಕ್ಕೆಲುಬಿನ ಕೆಳಗೆ ಉದ್ದ ಗುರುತು ಇದ್ದರೆ ಮಾತ್ರ ಮೊದಲ ಫೋಟೊದಲ್ಲೇ ತೋರಿಸಿ. ಆ ಕಡೆಯ ರಕ್ತನಾಳ ಆಗಲೇ ಕತ್ತರಿಸಿರುವುದರಿಂದ ಚರ್ಮ ಉಳಿಯುವುದು ಕಷ್ಟ, ಸರ್ಜನ್ ಯೋಜನೆಯೇ ಬದಲಾಗಬೇಕು.

ತಯಾರಿ ಹೊರಡುವುದಕ್ಕೆ ಮೂರು ತಿಂಗಳ ಮೊದಲೇ ಶುರುವಾಗಬೇಕು. ಹಿಮೋಗ್ಲೋಬಿನ್ ನೋಡಿಸಿ. ನಮ್ಮ ಹೆಣ್ಣುಮಕ್ಕಳಲ್ಲಿ 9, 10 ಇರುವುದು ಮಾಮೂಲು, 12ಕ್ಕೆ ತರಲು ಕಬ್ಬಿಣದ ಮಾತ್ರೆ ಎರಡು ತಿಂಗಳಾದರೂ ಬೇಕು. ಬ್ಯಾಂಕಾಕ್‌ಗೆ ಹೋದ ಮೇಲೆ ಕಡಿಮೆ ಇದೆ ಅಂತ ಗೊತ್ತಾದರೆ ಒಂದೋ ದುಡ್ಡು ಹೋಯಿತು, ಇಲ್ಲವೇ ಹಾಗೇ ಮಾಡಿಬಿಡುತ್ತಾರೆ. ಎರಡೂ ಕೆಟ್ಟದ್ದು. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7ರ ಆಸುಪಾಸಿಗೆ ಬರಲಿ. ತೂಕ ಆರು ತಿಂಗಳಿಂದ ಒಂದೇ ಮಟ್ಟದಲ್ಲಿರಲಿ. ತೂಕ ಇಳಿಸುವ ವಾರದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಮರೆಯದೆ ಹೇಳಿ, ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳಿ ನಾಲ್ಕು ವಾರ ಮೊದಲು ನಿಲ್ಲಿಸಿ, ಬೇರೆ ವಿಧಾನ ಇಟ್ಟುಕೊಳ್ಳಿ. ಸಿಗರೇಟು, ತಂಬಾಕು, ನಿಕೋಟಿನ್ ಗಮ್ ಕೂಡ ಆಪರೇಷನ್ನಿಗೆ ನಾಲ್ಕು ವಾರ ಮೊದಲು, ನಾಲ್ಕು ವಾರ ನಂತರ ಬೇಡವೇ ಬೇಡ.

ಡಾಕ್ಟರನ್ನು ಆರಿಸುವಾಗ ಏಜೆನ್ಸಿಯ ಕೋಆರ್ಡಿನೇಟರ್ ಮಾತಿಗೆ ನಿಲ್ಲಬೇಡಿ. ಸರ್ಜನ್ ಹೆಸರು ಕೇಳಿ, ಥಾಯ್ ಮೆಡಿಕಲ್ ಕೌನ್ಸಿಲ್ ಜಾಲತಾಣದಲ್ಲಿ ಹುಡುಕಿ, ಪ್ಲಾಸ್ಟಿಕ್ ಸರ್ಜರಿಯಲ್ಲೇ ವಿಶೇಷ ತರಬೇತಿ ಇದೆಯಾ ನೋಡಿ. ಚಿಕಿತ್ಸಾ ಕೇಂದ್ರಗಳ ಬಗ್ಗೆ ಅಲ್ಲಿರುವ 1998ರ ಕಾಯ್ದೆಯಲ್ಲಿ ರಾತ್ರಿ ರೋಗಿಯನ್ನು ಇಟ್ಟುಕೊಳ್ಳುವ ಆಸ್ಪತ್ರೆಯೇ ಬೇರೆ, ಇಟ್ಟುಕೊಳ್ಳದ ಕ್ಲಿನಿಕ್ಕೇ ಬೇರೆ. ಕ್ಲಿನಿಕ್‌ಗಳು 11 ಅಂಕಿಯ ಪರವಾನಗಿ ಸಂಖ್ಯೆಯನ್ನು ಎದುರಿಗೆ ಹಾಕಿರಬೇಕು. ಟಮ್ಮಿ ಟಕ್ಕನ್ನು ಆಸ್ಪತ್ರೆಯಲ್ಲೇ ಮಾಡಿಸಿ. ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಜೆಸಿಐ ಕೊಡುವ ಮಾನ್ಯತೆ ಒಳ್ಳೆಯದೇ, ಬ್ಯಾಂಕಾಕ್‌ನ ಬುಮ್ರುಂಗ್ರಾಡ್ 2002ರಲ್ಲೇ ಏಷ್ಯಾದಲ್ಲಿ ಮೊದಲು ಅದನ್ನು ಪಡೆದದ್ದು. ಆದರೆ ಅದು ಆಸ್ಪತ್ರೆಯ ವ್ಯವಸ್ಥೆಗೆ ಕೊಡುವ ಮಾನ್ಯತೆ, ನಿಮ್ಮ ಸರ್ಜನ್ ಕೈಗಲ್ಲ. ವಿಡಿಯೊ ಕರೆಯಲ್ಲಿ ಸರ್ಜನ್ ಜೊತೆಗೇ ಮಾತಾಡಿ ಇಷ್ಟನ್ನು ಕೇಳಿ: ಅರಿವಳಿಕೆ ಯಾರು ಕೊಡುತ್ತಾರೆ, ಐಸಿಯು ಅದೇ ಕಟ್ಟಡದಲ್ಲಿದೆಯಾ, ಹೆಪ್ಪುಗಟ್ಟದಿರಲು ನನ್ನ ಕ್ಯಾಪ್ರಿನಿ ಅಂಕ (ಹೆಪ್ಪುಗಟ್ಟುವ ಅಪಾಯದ ಲೆಕ್ಕ) ನೋಡುತ್ತೀರಾ, ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್ ಇಂಜೆಕ್ಷನ್ ಬೇಕಾದರೆ ಎಷ್ಟು ದಿನ, ಮತ್ತೆ ಆಪರೇಷನ್ ಥಿಯೇಟರಿಗೆ ಹೋಗಬೇಕಾಗಿ ಬಂದರೆ ಖರ್ಚು ಯಾರದು. ಕೊನೆಯದರ ಉತ್ತರ ಬರಹದಲ್ಲಿರಲಿ.

ವೀಸಾ ವಿಚಾರ ಬೇಗ ಮುಗಿಸುತ್ತೇನೆ. 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನದವರೆಗೆ ವೀಸಾ ಬೇಡ ಅಂತ ಆಯಿತು. ಈ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ಟಿಗೆ ಮೊದಲು ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ. 2025ರ ಮೇಯಿಂದ ಡಿಜಿಟಲ್ ಅರೈವಲ್ ಕಾರ್ಡನ್ನು ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ಸಾಮಾನ್ಯ ಪ್ರವಾಸ ವಿಮೆ, ನಾವೇ ಬಯಸಿ ಮಾಡಿಸಿಕೊಂಡ ಚಿಕಿತ್ಸೆಯ ತೊಡಕುಗಳಿಗೆ ಕೊಡುವುದಿಲ್ಲ. ಆದ್ದರಿಂದ ಮೂಲ ಖರ್ಚಿನ ಅರ್ಧದಷ್ಟಾದರೂ ಬೇರೆ ಎತ್ತಿಡಿ.

ಜೊತೆಗೆ ಒಬ್ಬರು ಇರಲೇಬೇಕು, ಅದೂ ಪೂರ್ತಿ ದಿನ. ಮೊದಲ ವಾರ ಹಾಸಿಗೆಯಿಂದ ನೇರ ಏಳಲಾಗುವುದಿಲ್ಲ. ಪಕ್ಕಕ್ಕೆ ಉರುಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ಬೆನ್ನ ಹಿಂದೆ ಮೂರು ದಿಂಬು, ಮಂಡಿ ಕೆಳಗೆ ಎರಡು, ಅಂದರೆ ಒರಗು ಕುರ್ಚಿಯ ಆಕಾರದಲ್ಲಿ ಮಲಗಬೇಕು. ಆಪರೇಷನ್ ಆದ ಸಂಜೆಯೇ ನಾಲ್ಕು ಹೆಜ್ಜೆ, ಆಮೇಲೆ ಎಚ್ಚರವಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ ಐದು ನಿಮಿಷ, ಬಾಗಿಕೊಂಡೇ ನಡೆಯಬೇಕು. ನೆಟ್ಟಗೆ ನಿಲ್ಲುವ ಹಟ ಬೇಡ, ಹೊಲಿಗೆ ಎಳೆಯುತ್ತದೆ. ಕೆಮ್ಮು, ಸೀನು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ನೋವಿನ ಮಾತ್ರೆಯಿಂದ ಮಲಬದ್ಧತೆ ಬರುತ್ತದೆ. ಶೌಚಕ್ಕೆ ತಿಣುಕಿದರೆ ಒಳಗಿನ ಹೊಲಿಗೆಗೆ ಪೆಟ್ಟು, ಇಸಬ್‌ಗೋಲ್ ಜೊತೆಗಿರಲಿ, ನೀರು ಚೆನ್ನಾಗಿ ಕುಡಿಯಿರಿ. ಹೊಟ್ಟೆಗೆ ಬಿಗಿಯಾಗಿ ಸುತ್ತುವ ಬೆಲ್ಟು ಆರು ವಾರ ಬೇಕು. ಅದು ಸುರುಳಿಯಾಗಿ ಮಡಚಿಕೊಂಡು ಒಂದೇ ಗೆರೆಯಲ್ಲಿ ಒತ್ತಿದರೆ ಅಲ್ಲೇ ಚರ್ಮ ಕೆಡುತ್ತದೆ, ಸ್ನಾನಕ್ಕೆ ಬಿಚ್ಚಿದಾಗ ನೋಡಿಕೊಳ್ಳಿ.

ವಾಪಸ್ ಬರುವಾಗ ವೀಲ್‌ಚೇರನ್ನು 48 ಗಂಟೆ ಮೊದಲೇ ಹೇಳಿಡಿ, ನಡುದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಹಾರಬಹುದು ಎಂಬ ಪತ್ರವನ್ನು ಸರ್ಜನ್‌ರಿಂದ ಬರೆಸಿಕೊಳ್ಳಿ. ಏಳು ಕೆಜಿಯ ಕ್ಯಾಬಿನ್ ಚೀಲವನ್ನು ಮೇಲೆ ಇಡಲು ಕೈ ಎತ್ತಲೇಬೇಡಿ. ಆರು ವಾರ ಐದು ಕೆಜಿಗಿಂತ ಹೆಚ್ಚು ಎತ್ತುವಂತಿಲ್ಲ. ನಿಮ್ಮ ಮೂರು ವರ್ಷದ ಮಗು ಓಡಿಬಂದು ಎತ್ತಿಕೋ ಅನ್ನುತ್ತದೆ. ನೀವು ಕೂತಿರುವಾಗ ಪಕ್ಕದಿಂದ ಬಂದು ಅಪ್ಪಿಕೊಳ್ಳುವುದನ್ನು ಹೋಗುವ ಮೊದಲೇ ಆಟದಂತೆ ರೂಢಿ ಮಾಡಿಸಿ. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್, ತುಂಬಿದ ಕುಕ್ಕರ್ ಮನೆಯವರ ಪಾಲಿಗೆ.

ಹೋಗುವ ಮೊದಲೇ ಬೆಂಗಳೂರಿನಲ್ಲಿ ಎಂಸಿಎಚ್ (ಪ್ಲಾಸ್ಟಿಕ್ ಸರ್ಜರಿಯ ಉನ್ನತ ಪದವಿ) ಮಾಡಿದ ಒಬ್ಬ ಪ್ಲಾಸ್ಟಿಕ್ ಸರ್ಜನ್‌ರನ್ನು ಶುಲ್ಕ ಕೊಟ್ಟು ಕಾಣಿ. ಬಂದ ಮೇಲೆ ನೀವೇ ನೋಡಿಕೊಳ್ಳುತ್ತೀರಾ ಅಂತ ನೇರವಾಗಿ ಕೇಳಿ. ಬೇರೆಯವರು ಮಾಡಿದ ಆಪರೇಷನ್ನನ್ನು ಮುಟ್ಟಲು ಹಲವರು ಹಿಂಜರಿಯುತ್ತಾರೆ, ಸೆರೋಮಾ ತುಂಬಿಕೊಂಡ ಮೇಲೆ ಹುಡುಕಲು ಹೊರಟರೆ ತಡವಾಗುತ್ತದೆ. ಅವರಿಗೆ ಕೊಡಲು ಇಂಗ್ಲಿಷಿನಲ್ಲಿ ಆಪರೇಷನ್ ಟಿಪ್ಪಣಿ, ಅರಿವಳಿಕೆ ದಾಖಲೆ, ಡ್ರೈನ್ ಲೆಕ್ಕ, ಜೆನರಿಕ್ ಹೆಸರಿನಲ್ಲಿ ಔಷಧಿ ಪಟ್ಟಿ ತನ್ನಿ.

ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ಚುಚ್ಚುವುದು ಆದರೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆ ಗಳಿಗೆಯಲ್ಲೇ ಹೋಗಿ, ಆಪರೇಷನ್ ಆಗಿದೆ ಅಂತ ಮೊದಲ ಮಾತಲ್ಲೇ ಹೇಳಿ. ಮೂರು ತಿಂಗಳ ತನಕ ಈ ಎಚ್ಚರ ಬೇಕು. ಗಾಯ ಮಾಗಿತು ಅಂದುಕೊಂಡ ಮೇಲೆ, ಒಂದೂವರೆ ಎರಡು ತಿಂಗಳಿಗೆ, ಗೆರೆಯ ಉದ್ದಕ್ಕೂ ಕೆಂಪು ಗಂಟು ಎದ್ದು ತಿಳಿಯಾದ ದ್ರವ ಒಸರುತ್ತಾ, ಮಾಮೂಲು ಆಂಟಿಬಯಾಟಿಕ್‌ಗೆ ಬಗ್ಗದಿದ್ದರೆ ಅದು ಕ್ಷಯದ ಜಾತಿಯ ಬೇರೊಂದು ಮೈಕೋಬ್ಯಾಕ್ಟೀರಿಯಾ ಇರಬಹುದು. ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ ಇಂಥ ಆಪರೇಷನ್ ಮಾಡಿಸಿಕೊಂಡ ಅಮೆರಿಕನ್ನರಲ್ಲಿ ಇದು ಗುಂಪಾಗಿಯೇ ಕಂಡಿದೆ. ಗಾಯದ ದ್ರವದಿಂದ ರೋಗಾಣು ಬೆಳೆಸಿ ನೋಡುವ ಮಾಮೂಲು ಕಲ್ಚರ್ ಪರೀಕ್ಷೆಯಲ್ಲಿ ಇದು ಸಿಗದೇ ಹೋಗಬಹುದು, ಕ್ಷಯದ ಜಾತಿಯ ರೋಗಾಣುವಿಗೆಂದೇ ಇರುವ ಎಎಫ್‌ಬಿ ಕಲ್ಚರ್ ಅಂತಲೇ ಬರೆದು ಕಳಿಸಬೇಕು. ಆದ್ದರಿಂದ ಯಾವ ಡಾಕ್ಟರ ಬಳಿ ಹೋದರೂ ಹೊರದೇಶದಲ್ಲಿ ಆಪರೇಷನ್ ಆಗಿದೆ ಅನ್ನುವುದನ್ನು ಸಂಕೋಚಪಟ್ಟು ಮುಚ್ಚಿಡಬೇಡಿ.