ರಾತ್ರಿ ಎರಡು ಗಂಟೆಯ ಫೋನು

ನಾನು ಆಪ್ತ ಸಮಾಲೋಚಕಿ. ಮಗುವಿಗೆ ಲಸಿಕೆ ಹಾಕಿಸಲು ಹಿಂಜರಿಯುತ್ತಿದ್ದ ಒಬ್ಬ ತಾಯಿಯ ಕತೆ ಇದು. ಗುರುತು ಸಿಗಬಾರದೆಂದು ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ತಾಯಿಯನ್ನು ಇಲ್ಲಿ ಮೀರಾ ಎಂದು ಕರೆಯುತ್ತೇನೆ.

ಮೊದಲ ಸಲ ಬಂದಾಗ ಮೀರಾ ಲಸಿಕೆಯ ಮಾತೇ ಎತ್ತಲಿಲ್ಲ. ನಿದ್ದೆ ಬರ್ತಿಲ್ಲ ಅಂದರು. ಗಂಡನ ಜೊತೆ ದಿನಾ ಜಗಳ ಅಂದರು. ಮುಕ್ಕಾಲು ಗಂಟೆ ಅದೇ ಆಯಿತು. ಎದ್ದು ಬ್ಯಾಗಿನ ಜಿಪ್ ಎಳೆಯುತ್ತಾ, "ಮಗುಗೆ ದಡಾರದ ಸೂಜಿ ಹಾಕ್ಸಿಲ್ಲ ಮೇಡಂ. ಅದಕ್ಕೇ ಜಗಳ" ಅಂದರು. ನಮ್ಮ ಕೆಲಸದಲ್ಲಿ ಇದು ಹೊಸದೇನಲ್ಲ. ಹೇಳಬೇಕೆಂದು ಬಂದ ಮಾತು ಹೊರಬೀಳುವುದು ಬಾಗಿಲ ಹತ್ತಿರವೇ.

ಮಗುವಿಗೆ ಆಗ 11 ತಿಂಗಳು. ಲಸಿಕೆಯ ದಿನ ಕಳೆದು ಎರಡು ತಿಂಗಳಾಗಿತ್ತು.

ಮುಂದಿನ ಭೇಟಿಯಲ್ಲಿ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಓದಿಕೊಂಡು ಕೂತಿದ್ದೆ. ದಡಾರ ಬಂದವರು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯ ತನಕ ಇರಬಲ್ಲದು, ಲಸಿಕೆ ಇಲ್ಲದ ಊರಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಹರಡಬಹುದು, ಅದನ್ನು ತಡೆಯೋಕೆ ನೂರರಲ್ಲಿ 95 ಮಂದಿಗೆ ಲಸಿಕೆ ಆಗಿರಬೇಕು, ಎಲ್ಲ ಹೇಳಿದೆ. ಮೀರಾ "ಹೌದು ಹೌದು" ಎಂದು ತಲೆಯಾಡಿಸಿದರು. ಆಮೇಲೆ ಮೂರು ವಾರ ಬರಲೇ ಇಲ್ಲ.

ಹೀಗಾಗುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು. 2014ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನ ಇದೆ. 1,700ಕ್ಕೂ ಹೆಚ್ಚು ಪೋಷಕರಿಗೆ ಲಸಿಕೆಯ ಬಗ್ಗೆ ನಾಲ್ಕು ಬೇರೆ ಬೇರೆ ರೀತಿಯಲ್ಲಿ ತಿಳಿಹೇಳಿ ನೋಡಿದರು. ಯಾವುದರಿಂದಲೂ ಲಸಿಕೆ ಹಾಕಿಸುವ ಮನಸ್ಸು ಹೆಚ್ಚಾಗಲಿಲ್ಲ. ಅವುಗಳಲ್ಲಿ ಒಂದರಿಂದ, ಲಸಿಕೆಯಿಂದ ಆಟಿಸಂ (ಮಗುವಿನ ಮಾತು, ಬೆರೆಯುವಿಕೆ ಬೇರೆ ಥರ ಬೆಳೆಯುವ ಸ್ಥಿತಿ) ಬರುತ್ತದೆ ಎಂಬ ತಪ್ಪು ಕಲ್ಪನೆಯೇನೋ ಕಡಿಮೆಯಾಯಿತು. ಆದರೆ ಮೊದಲೇ ಹಿಂಜರಿಯುತ್ತಿದ್ದವರು ಇನ್ನಷ್ಟು ಹಿಂಜರಿದರು. ವಾದದಲ್ಲಿ ಸೋತವರು ಮನಸ್ಸು ಬದಲಾಯಿಸಲ್ಲ, ಬೇರೆ ಕಾರಣ ಹುಡುಕುತ್ತಾರೆ. ಮನೆಯಲ್ಲಿ ನಾವೂ ಮಾಡೋದು ಅದನ್ನೇ ಅಲ್ವಾ?

ನಾಲ್ಕನೇ ವಾರ ಬಂದರು. ಈ ಸಲ ನಾನು ಬಾಯಿ ಮುಚ್ಚಿಕೊಂಡೆ. ಮೀರಾ ಫೋನ್ ತೆಗೆದು ಮೇಜಿನ ಮೇಲೆ ಇಟ್ಟರು. ಮಗುವಿನ ಹೆಸರಲ್ಲಿ ಒಂದು ಫೋಲ್ಡರ್. ಫೋಟೋ ಇರಬಹುದು ಅಂದುಕೊಂಡೆ. 41 ಸ್ಕ್ರೀನ್‌ಶಾಟ್ ಇದ್ದವು. ಎಲ್ಲವೂ ಲಸಿಕೆಯದ್ದೇ.

"ಇದರಲ್ಲಿ ಮೊದಲನೆಯದು ಯಾವತ್ತು ತೆಗೆದಿದ್ದು?" ಎಂದು ಕೇಳಿದೆ.

ಆಕೆ ಕೆಳಗೆ, ಇನ್ನೂ ಕೆಳಗೆ ಸರಿಸುತ್ತಾ ಹೋದರು. ಹೆಬ್ಬೆರಳು ನಿಂತಿತು. ರಾತ್ರಿ 2 ಗಂಟೆ 17 ನಿಮಿಷ.

ಅಲ್ಲಿಂದ ಕತೆ ಹೊರಬಂತು. ಮೂರು ತಿಂಗಳ ಮಗುವಾಗಿದ್ದಾಗ ತ್ರಿರೋಗ ಲಸಿಕೆಯ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ) ಒಂದು ಡೋಸ್ ಆಗಿತ್ತು. ಹಾಕಿದವರು "ಏನೂ ಆಗಲ್ಲ, ಹೋಗಿ" ಎಂದು ಕಳಿಸಿದ್ದರು. ಸಂಜೆ ಜ್ವರ ಏರಿತು. ಮಗು ಮೂರು ಗಂಟೆಗೂ ಜಾಸ್ತಿ ಚೀರಿ ಅತ್ತಿತು. ಹಾಲು ಕೊಟ್ಟರೂ ಇಲ್ಲ, ಎತ್ತಿಕೊಂಡು ಓಡಾಡಿದರೂ ಇಲ್ಲ. ಗಂಡನಿಗೆ ರಾತ್ರಿ ಪಾಳಿ. ಲಸಿಕೆ ಹಾಕಿಸಿದ ಕಡೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮಗುವನ್ನು ಒಂದು ತೋಳಲ್ಲಿ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಟೈಪ್ ಮಾಡಿದರು: 'ಲಸಿಕೆ ಆದ್ಮೇಲೆ ಮಗು ಅಳು ನಿಲ್ತಿಲ್ಲ'. ಬಂದ ಮೊದಲ ವಿಡಿಯೊದಲ್ಲಿ ಒಬ್ಬ ತಾಯಿ ಅಳುತ್ತಿದ್ದಳು. ನನ್ನ ಮಗುವಿಗೂ ಹೀಗೇ ಆಯ್ತು, ಯಾರೂ ನನ್ನ ನಂಬಲಿಲ್ಲ ಎನ್ನುತ್ತಿದ್ದಳು.

"ಆ ರಾತ್ರಿ ನನಗೆ ಉತ್ತರ ಕೊಟ್ಟಿದ್ದು ಅವಳೊಬ್ಬಳೇ ಮೇಡಂ" ಅಂದರು ಮೀರಾ.

ನಾನು ಇಷ್ಟು ದಿನ ಲಸಿಕೆಯ ಹೆದರಿಕೆ ಎಂದುಕೊಂಡಿದ್ದು ಮೂಲದಲ್ಲಿ ಒಂಟಿತನ. ಎಷ್ಟು ಅಂಕಿ ಹೇಳಿದರೂ ಅದಕ್ಕೆ ತಾಗುತ್ತಿರಲಿಲ್ಲ.

ಹಳೆಯ ಬಗೆಯ ತ್ರಿರೋಗ ಲಸಿಕೆಯಲ್ಲಿ ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾವನ್ನೇ ಕೊಂದು ಹಾಕಿರುತ್ತಾರೆ. ಅದಾದ ಮೇಲೆ ಕೆಲವು ಮಕ್ಕಳು ಮೂರು ಗಂಟೆಗೂ ಮೀರಿ ಸಮಾಧಾನವಾಗದೆ ಅಳುವುದು ವೈದ್ಯರ ಪುಸ್ತಕದಲ್ಲೇ ಇರುವ ಸಂಗತಿ. ತಾನಾಗಿ ನಿಲ್ಲುತ್ತದೆ, ಮುಂದಕ್ಕೆ ತೊಂದರೆ ಉಳಿಸುವುದಿಲ್ಲ. ಈ ಎರಡು ವಾಕ್ಯವನ್ನು ಅವತ್ತು ಬೆಳಗ್ಗೆ ಯಾರಾದರೂ ಹೇಳಿದ್ದರೆ ಆ ಫೋಲ್ಡರ್ ಹುಟ್ಟುತ್ತಿರಲಿಲ್ಲವೇನೋ. 'ಏನೂ ಆಗಲ್ಲ' ಅನ್ನುವುದು ಧೈರ್ಯ ತುಂಬುವ ಮಾತಿನಂತೆ ಕೇಳಿಸುತ್ತದೆ. ಏನೋ ಆದ ಕ್ಷಣಕ್ಕೆ ಅದೇ ಸುಳ್ಳಾಗುತ್ತದೆ. ಹೇಳಿದವರ ಉಳಿದ ಮಾತೂ ಅದರ ಜೊತೆ ಹೋಗುತ್ತದೆ.

ಆಮೇಲಿನದ್ದು ಫೋನಿನ ಕೆಲಸ. ಅದಕ್ಕೆ ಲಸಿಕೆಯ ಪರ, ವಿರೋಧ ಅಂತ ಏನೂ ಇಲ್ಲ. ಕೊನೆತನಕ ಯಾವುದನ್ನು ನೋಡಿದಿರೋ ಅಂಥದ್ದೇ ಇನ್ನೊಂದನ್ನು ತಂದು ಕೊಡುತ್ತದೆ. ಸುಮ್ನೆ ಅಳದೆ ಮಲಗಿದ ಮಗುವಿನ ವಿಡಿಯೊ ಯಾರೂ ಹಾಕುವುದಿಲ್ಲ, ಹಾಕಿದರೂ ಯಾರೂ ನೋಡುವುದಿಲ್ಲ.

ಮುಂದಿನ ಎರಡು ಭೇಟಿಯಲ್ಲಿ ಆ 41ನ್ನೂ ಒಂದೊಂದಾಗಿ ನೋಡಿದೆವು. ನಾನು ಯಾವುದನ್ನೂ ಸುಳ್ಳು ಎನ್ನಲಿಲ್ಲ. ಯಾರು ಹೇಳುತ್ತಿದ್ದಾರೆ, ಏನು ಹೇಳುತ್ತಿದ್ದಾರೆ, ಕೊನೆಗೆ ಏನು ಕೇಳುತ್ತಿದ್ದಾರೆ, ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆಯಲು ಹೇಳಿದೆ. ಬರೆದವರು ಮೀರಾ, ಎಣಿಸಿದವರೂ ಮೀರಾ. ಒಂದೇ ವಿಡಿಯೊ ಮೂರು ಹೆಸರಲ್ಲಿ ಬಂದಿತ್ತು. ಇನ್ನೊಂದರ ಕೊನೆಯಲ್ಲಿ ಲಸಿಕೆಯ 'ವಿಷ' ತೆಗೆಯುವ ಹನಿ ಮಾರಾಟಕ್ಕಿತ್ತು. ಅದನ್ನು ನೋಡಿ ಆಕೆಗೇ ನಗು ಬಂತು. ಎಲ್ಲ ಸೋಸಿದರೆ ಉಳಿದಿದ್ದು ಐದೇ ಮಾತು.

ಅದರಲ್ಲಿ ದೊಡ್ಡದು ಆಟಿಸಂ. ಕೇಳಿದ ಮೇಲೆಯೇ ಹೇಳಿದೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಬರೀ 12 ಮಕ್ಕಳ ವಿವರ ಇಟ್ಟುಕೊಂಡು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು ಅದರ ಮೂಲ. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಹೊರಟ ವಕೀಲರಿಂದ ಆತ ಹಣ ಪಡೆದಿದ್ದ. ಪತ್ರಕರ್ತ ಬ್ರಯನ್ ಡೀರ್ ಇದನ್ನು ಬಯಲಿಗೆಳೆದ. 2010ರಲ್ಲಿ ಪತ್ರಿಕೆ ಆ ಬರಹವನ್ನು ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಆತನ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಿದರು. 2019ರಲ್ಲಿ ಡೆನ್ಮಾರ್ಕಿನವರು ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ, ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಜಾಸ್ತಿ ಇಲ್ಲ ಎಂದು ತೋರಿಸಿದರು. ಮಗು ಮಾತು ಕಲಿಯುವ ವಯಸ್ಸು, ಆಟಿಸಂ ಕಣ್ಣಿಗೆ ಬೀಳುವ ವಯಸ್ಸು, ಈ ಲಸಿಕೆ ಹಾಕುವ ವಯಸ್ಸು ಎಲ್ಲ ಹತ್ತಿರ ಹತ್ತಿರ. ಹಿಂದೆ ಮುಂದೆ ಆದದ್ದು ತಾಯಿಯ ಕಣ್ಣಿಗೆ ಕಾರಣವಾಗಿಯೇ ಕಾಣುತ್ತದೆ.

ಐದರಲ್ಲಿ ಒಂದು ಮಾತ್ರ ನಿಜವಾಗಿತ್ತು. ಲಸಿಕೆ ಹಾಕಿದ ಕೆಲವೇ ಹೊತ್ತಿನಲ್ಲಿ ಇಬ್ಬರು ಕೂಸುಗಳು ಸತ್ತವು ಎಂಬ ಸುದ್ದಿ. ಮೀರಾ ಅದನ್ನು ಕೊನೆಗೆ ತೋರಿಸಿದರು. ನಾನು ಇದನ್ನೂ ತಳ್ಳಿಹಾಕುತ್ತೇನೋ ಎಂದು ಮುಖವನ್ನೇ ನೋಡುತ್ತಿದ್ದರು.

"ಇದು ಸುಳ್ಳಲ್ಲ" ಅಂದೆ.

2018ರ ಜುಲೈ, ಪೆಸಿಫಿಕ್ ಸಾಗರದ ಸಮೋವಾ ದ್ವೀಪ. ದಡಾರದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ನೀರಿನಲ್ಲಿ ಕಲಸಿ ಕೊಡಬೇಕು. ಅಲ್ಲಿ ನೀರಿನ ಬದಲು ಸ್ನಾಯು ಸಡಿಲಿಸುವ ಔಷಧಿ ಬೆರೆಸಿಬಿಟ್ಟರು. ತಪ್ಪು ಮಾಡಿದ ಇಬ್ಬರು ನರ್ಸ್‌ಗಳಿಗೆ ಜೈಲಾಯಿತು. ಸ್ಕ್ರೀನ್‌ಶಾಟ್ ಅಲ್ಲಿಗೆ ಮುಗಿದಿತ್ತು. ಕತೆ ಮುಗಿದಿರಲಿಲ್ಲ. ಸರ್ಕಾರ ತಿಂಗಳುಗಟ್ಟಲೆ ಆ ಲಸಿಕೆ ನಿಲ್ಲಿಸಿತು. ಜನರ ನಂಬಿಕೆ ಹೋಯಿತು, ಫೇಸ್‌ಬುಕ್‌ನಲ್ಲಿ ವದಂತಿ ಬೆಳೆಯಿತು. 2019ರ ಕೊನೆಗೆ ದಡಾರ ಬಂತು. ಸುಮಾರು ಎರಡು ಲಕ್ಷ ಜನರ ಆ ಪುಟ್ಟ ದೇಶದಲ್ಲಿ 5,700ಕ್ಕೂ ಹೆಚ್ಚು ಮಂದಿಗೆ ತಗುಲಿತು. 83 ಮಂದಿ ಸತ್ತರು, ಹೆಚ್ಚಿನವರು ಪುಟ್ಟ ಮಕ್ಕಳು.

ಮೀರಾ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲಿ ಏನು ಬೆರೆಸ್ತಾರೆ ಅಂತ ನಾನು ನೋಡಬಹುದಾ?" ಎಂದು ಕೇಳಿದರು. ಖಂಡಿತ ಕೇಳಬಹುದು, ಬಾಟಲಿ ತೋರಿಸಿ ಅನ್ನಬಹುದು. ಅದನ್ನು ಹಾಳೆಯಲ್ಲಿ ಬರೆದುಕೊಂಡೆವು.

ಇಷ್ಟೆಲ್ಲ ಆದರೂ ಗಂಟು ಬಿಚ್ಚಿರಲಿಲ್ಲ. ಅದು ಬಿಚ್ಚಿದ್ದು ಆಕೆಯೇ ಆಡಿದ ಒಂದು ಮಾತಿನಿಂದ: "ಕೊಡಿಸಿ ಏನಾದ್ರೂ ಆದ್ರೆ ಅದು ನಾನು ಮಾಡಿದ್ದು. ಕೊಡಿಸದೆ ಆದ್ರೆ ಹಣೆಬರಹ." ತಾನು ಮಾಡಿ ಆದ ಕೆಡುಕು, ಮಾಡದೆ ಆದ ಕೆಡುಕಿಗಿಂತ ಭಾರ ಅನ್ನಿಸುವುದು ಮನುಷ್ಯ ಸಹಜ. ಲಸಿಕೆ ಹಿಂದಕ್ಕೆ ಹಾಕುವ ಎಷ್ಟೋ ಪೋಷಕರ ಒಳಗೆ ಈ ತಕ್ಕಡಿಯೇ ಇರುತ್ತದೆ. ನಾನು ತಿದ್ದಲಿಲ್ಲ. "ಮಗುವಿಗೆ ಜ್ವರ ಬಂದಾಗ, ಇದು ಅಮ್ಮ ಮಾಡಿದ್ದು, ಇದು ಹಣೆಬರಹದ್ದು ಅಂತ ಅದಕ್ಕೆ ಗೊತ್ತಾಗುತ್ತದಾ?" ಎಂದಷ್ಟೇ ಕೇಳಿದೆ. ಆಕೆ ಅತ್ತರು. ಆ ದಿನ ಬೇರೇನೂ ಮಾತಾಡಲಿಲ್ಲ.

ಗಂಡನನ್ನೂ ಒಂದು ಸಲ ಕರೆಸಿದೆ. ಒಳ್ಳೆಯ ಮನುಷ್ಯ, ಸುಸ್ತಾಗಿದ್ದರು. "ಇವಳಿಗೆ ಹೇಳದೆ ನಾನೇ ಹೋಗಿ ಹಾಕ್ಸಿಬಿಡ್ಲಾ?" ಎಂದು ಕೇಳಿದರು. ಬೇಡ ಅಂದೆ. ಲಸಿಕೆ ಆಗುತ್ತದೆ, ಮನೆಯಲ್ಲಿ ನಂಬಿಕೆ ಹೋಗುತ್ತದೆ. ಮುಂದಿನ ಜ್ವರಕ್ಕೆ ಆಕೆ ಮತ್ತೆ ಫೋನಿನ ಹತ್ತಿರವೇ ಹೋಗುತ್ತಾರೆ. ಅದರ ಬದಲು ಲಸಿಕೆಯ ಆಮೇಲಿನ ರಾತ್ರಿಗಳಲ್ಲಿ ನೀವು ಮನೆಯಲ್ಲಿರಿ ಎಂದೆ. 'ಸುಮ್ನೆ ಹೆದರ್ತೀಯ' ಎಂಬ ಮಾತು ಬಿಡಿ ಎಂದೂ ಹೇಳಿದೆ. ಬರೆದುಕೊಂಡರು, ನಿಜವಾಗಿಯೂ ಬರೆದುಕೊಂಡರು.

ನಾನು ವೈದ್ಯಳಲ್ಲ. ಹಾಗಾಗಿ ಮೀರಾ ಬರೆದ ನಾಲ್ಕು ಪ್ರಶ್ನೆ ಮಕ್ಕಳ ವೈದ್ಯರ ಬಳಿ ಹೋದವು. ಬೇರೆ ವೈದ್ಯರನ್ನೇ ಆರಿಸಿಕೊಳ್ಳಿ, ಫೋನ್ ಎತ್ತುವವರನ್ನು ಎಂದಿದ್ದೆ. ಅವರು ಹಳೆಯ ಅಳುವಿನ ಕತೆ ಪೂರ್ತಿ ಕೇಳಿದರಂತೆ. ದಡಾರದ ಲಸಿಕೆ ಬೇರೆ ಥರ, ಇದರ ಜ್ವರ ಅವತ್ತೇ ಬರುವುದಿಲ್ಲ, 7ರಿಂದ 12ನೇ ದಿನದ ಒಳಗೆ ಬರಬಹುದು, ಮೈಮೇಲೆ ಸ್ವಲ್ಪ ಗಂಧೆ ಏಳಬಹುದು ಎಂದು ಹೇಳಿದರಂತೆ. ಅಪರೂಪಕ್ಕೆ ಜ್ವರದ ಜೊತೆ ಫಿಟ್ಸ್ ಬರುವುದುಂಟು, ಬಂದರೆ ಏನು ಮಾಡಬೇಕು ಎಂದೂ ತಿಳಿಸಿದರಂತೆ. ಅದನ್ನು ಮುಚ್ಚಿಡದೆ ಹೇಳಿದ್ದೇ ಮೀರಾಗೆ ಹಿಡಿಸಿದ್ದು.

ಇಂಥದ್ದೇ ಸ್ಥಿತಿಯಲ್ಲಿರುವ ತಾಯಂದಿರಿಗೆ ಈಗ ನಾನು ಮೊದಲು ಹೇಳುವುದು ಇದನ್ನೇ: ಏನೇನು ಆಗಬಹುದು, ಎಷ್ಟನೇ ದಿನ ಎಂದು ಹಾಕಿಸುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಹುಡುಕಬೇಡಿ. ಹುಡುಕಲೇಬೇಕು ಅನ್ನಿಸಿದರೆ ಪ್ರಶ್ನೆ ಬರೆದಿಟ್ಟು ಬೆಳಗ್ಗೆ ಹುಡುಕಿ. ಮಗು ನೀಲಿಯಾದರೆ, ಉಸಿರಾಡಲು ಕಷ್ಟಪಟ್ಟರೆ, ಎಬ್ಬಿಸಿದರೂ ಏಳದಿದ್ದರೆ ಫೋನಿಗಲ್ಲ, ಆಸ್ಪತ್ರೆಗೆ.

ಲಸಿಕೆ ಹಾಕಿಸಿದ ದಿನ ಮೀರಾ ಬಾಟಲಿ ತೋರಿಸಿ ಎಂದು ಕೇಳಿದರಂತೆ, ತೋರಿಸಿದರಂತೆ. ಫೋಲ್ಡರ್ ಇನ್ನೂ ಅಳಿಸಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದರಿಂದ ಹೊರಬಂದಿದ್ದಾರೆ, ಇನ್ನೆರಡರಲ್ಲಿ ಇದ್ದಾರೆ. ತ್ರಿರೋಗದ ಬಾಕಿ ಡೋಸ್ ಬಗ್ಗೆ ಇನ್ನೂ ಯೋಚಿಸುತ್ತಿದ್ದಾರೆ. ನಾನು ಅವಸರ ಮಾಡಿಲ್ಲ, ಆದರೆ ಪ್ರತಿ ಭೇಟಿಯಲ್ಲೂ ಕೇಳುತ್ತೇನೆ.

ಲಸಿಕೆ ಆಗಿ ಒಂದು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಆಕೆಯ ಮೆಸೇಜ್ ಇತ್ತು. ಥರ್ಮಾಮೀಟರಿನ ಫೋಟೋ, 101.2. ಕೆಳಗೆ ಒಂದು ಸಾಲು: "ಎಂಟನೇ ದಿನ ಮೇಡಂ. ಹೇಳಿದ ಹಾಗೇ ಬಂತು. ಇವರು ಎತ್ಕೊಂಡಿದ್ದಾರೆ, ನಾನು ಮಲಗ್ತೀನಿ."