ಓನರ್ ಬದಲಾದ್ರು, ಪಂದಿ ಕರಿನೂ ಬದಲಾಯ್ತು, ಏನ್ಮಾಡ್ಲಿ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ನಾವು ಇಷ್ಟಪಟ್ಟು ಹೋಗ್ತಿದ್ದ ಚಿಕ್ಕ ಹೋಟ್ಲು ಬೇರೆಯವರ ಕೈಗೆ ಹೋದ್ಮೇಲೆ ಏನು ಕಥೆ ಅಂತ. ಅದಕ್ಕೇ ಅವನ್ನೆಲ್ಲ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ನಮ್ಮನೆ ಹತ್ರ ಒಂದು ಪುಟ್ಟ ಕೊಡಗಿನ ಹೋಟ್ಲಿದೆ, ಆರೇಳು ಟೇಬಲ್ಲು ಅಷ್ಟೆ. ವಿರಾಜಪೇಟೆ ಕಡೆಯ ಅಂಕಲ್ ಆಂಟಿ ನಡೆಸ್ತಿದ್ರು, ಭಾನುವಾರ ಮಧ್ಯಾಹ್ನ ಆದ್ರೆ ನಮ್ಮನೆ ಮಂದಿಯೆಲ್ಲ ಅಲ್ಲೇ. ಈಗ ಅವರು ವಯಸ್ಸಾಯ್ತು ಅಂತ ಬೇರೆಯವರಿಗೆ ಕೊಟ್ಟು ಊರಿಗೆ ಹೋಗಿದಾರೆ. ಬೋರ್ಡು ಅದೇ, ಮೆನು ಅದೇ, ಗೋಡೆ ಮೇಲಿನ ಒಡಿಕತ್ತಿನೂ ಹಾಗೇ ಇದೆ. ಆದ್ರೆ ಪಂದಿ ಕರಿ (ಹಂದಿ ಮಾಂಸದ ಕರಿ) ಕೆಂಪಗೆ, ಗ್ರೇವಿ ಜಾಸ್ತಿ, ಸ್ವಲ್ಪ ಸಿಹಿ ಬೇರೆ. ಕೇಳಿದ್ರೆ "ರೆಸಿಪಿ ಆಂಟೀದೇ ಸಾರ್" ಅಂತಾರೆ. ಸುಳ್ಳು ಹೇಳ್ತಿದಾರಾ? ಹೋಗೋದು ಬಿಡೋದಾ?
- ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಸುಳ್ಳು ಅಂತ ಈಗ್ಲೇ ತೀರ್ಮಾನ ಮಾಡ್ಬೇಡಿ. ರೆಸಿಪಿ ನಿಜವಾಗ್ಲೂ ಆಂಟೀದೇ ಇರಬಹುದು, ಆದ್ರೂ ಕರಿ ಹೀಗಾಗುತ್ತೆ. ಯಾಕಂದ್ರೆ ಪಂದಿ ಕರೀಲಿ ಮುಚ್ಚಿಡೋಕೆ ಜಾಗಾನೇ ಇಲ್ಲ, ಇರೋದೇ ಕೆಲವೇ ಸಾಮಾನು. ಚರ್ಮ, ಕೊಬ್ಬು ಸಮೇತ ಸಣ್ಣಗೆ ಹೆಚ್ಚಿದ ಮಾಂಸ, ಈರುಳ್ಳಿ ಬೆಳ್ಳುಳ್ಳಿ ಶುಂಠಿ ಹಸಿಮೆಣಸು, ಆಮೇಲೆ ಕೊತ್ತಂಬರಿ ಜೀರಿಗೆ ಕಾಳುಮೆಣಸು ಸಾಸಿವೆ ಮೆಂತ್ಯ ಇವನ್ನೆಲ್ಲ ಕಪ್ಪು ತಿರುಗೋವರೆಗೂ ಹುರಿದು ಮಾಡಿದ ಪುಡಿ, ಕೊನೇಲಿ ಕಾಚಂಪುಳಿ, ಅಂದ್ರೆ ಕೊಡಗಿನ ಕಪ್ಪು ಹುಳಿ ರಸ. ತೆಂಗಿನಕಾಯಿ ಹಾಕಲ್ಲ, ಟೊಮ್ಯಾಟೊ ಹಾಕಲ್ಲ. ಆ ಕಪ್ಪು ಬಣ್ಣ ಬರೋದು ಹುರಿದ ಪುಡಿಯಿಂದ ಮತ್ತೆ ಕಾಚಂಪುಳಿಯಿಂದ, ಎರಡರಲ್ಲಿ ಒಂದು ಕೈಕೊಟ್ರೂ ನೀವು ಹೇಳಿದ ಹಾಗೆ ಕೆಂಪಾಗುತ್ತೆ. ಸಿಹಿ ಬಂದಿದೆ ಅಂದ್ರೆ ಟೊಮ್ಯಾಟೊನೋ ಹುಣಸೆಹಣ್ಣೋ ಒಳಗೆ ಸೇರಿದೆ ಅಂತ ನನ್ನ ಅನುಮಾನ.

ಈಗ ಈ ಕಾಚಂಪುಳಿ ಎಲ್ಲಿಂದ ಬರುತ್ತೆ ಅಂತ ನೋಡಿ. ಮಲೆನಾಡಲ್ಲಿ ಉಪ್ಪಾಗೆ ಅಂತಾರಲ್ಲ, ಅದೇ ಜಾತಿ ಹಣ್ಣು, ಕೇರಳದವರು ಸಿಪ್ಪೆ ಒಣಗಿಸಿ ಮೀನು ಸಾರಿಗೆ ಹಾಕ್ತಾರೆ, ಕೊಡಗಿನವರು ಮಳೆಗಾಲದಲ್ಲಿ ಹಣ್ಣನ್ನ ರಾಶಿ ಹಾಕಿ ಅದರಿಂದ ಸೋರೋ ರಸ ಹಿಡಿದು ಗಟ್ಟಿ ಕಪ್ಪಗಾಗೋ ತನಕ ಕಾಯಿಸ್ತಾರೆ. ಕೆಲಸ ಬಹಳ, ಸಿಗೋ ರಸ ಸ್ವಲ್ಪ, ಹಾಗಾಗಿ ರೇಟೂ ಜಾಸ್ತಿ. ಆದ್ರೆ ಒಂದು ಕೆಜಿ ಮಾಂಸಕ್ಕೆ ಒಂದೆರಡು ಚಮಚ ಸಾಕು, ಬಾಟ್ಲಿ ವರ್ಷಗಟ್ಲೆ ಕೆಡಲ್ಲ. ಇಂಥ ಹೋಟ್ಲು ನಡೆಸೋ ಅಂಕಲ್ ಆಂಟಿಗೆ ಅದು ಸಾಮಾನ್ಯವಾಗಿ ಊರಿಂದ್ಲೇ ಬರುತ್ತೆ, ಅಣ್ಣನ ತೋಟನೋ, ಪರಿಚಯದವರ ಮನೇನೋ. ಕಾಳುಮೆಣಸೂ ಅಷ್ಟೆ, ಕಡಂಬುಟ್ಟಿಗೆ (ಅಕ್ಕಿ ತರಿಯ ಕಡುಬು) ಬೇಕಾದ ತರಿನೂ ಅಷ್ಟೆ, ಬಸ್ಸಲ್ಲಿ ಯಾರ ಕೈಲೋ ಕಳಿಸ್ತಾರೆ. ಹೋಟ್ಲು ಮಾರೋವಾಗ ಅಡ್ವಾನ್ಸು, ಪಾತ್ರೆ, ಫ್ರಿಜ್ಜು, ಬೋರ್ಡು ಎಲ್ಲ ಲೆಕ್ಕಕ್ಕೆ ಬರುತ್ತೆ, ಊರಿಂದ ಬಾಟ್ಲಿ ಕಳಿಸೋ ಅಣ್ಣ ಮಾತ್ರ ಅಗ್ರಿಮೆಂಟಲ್ಲಿ ಇರಲ್ಲ. ನನ್ನ ಪ್ರಕಾರ ಇಂಥ ಹೋಟ್ಲುಗಳು ಕೆಡೋದು ಇಲ್ಲೇ. ಹೊಸಬರ ಹತ್ರ ಕಾಗದದಲ್ಲಿ ರೆಸಿಪಿ ಇರುತ್ತೆ, ಸಾಮಾನು ಬರೋ ದಾರಿ ಕಟ್ ಆಗಿರುತ್ತೆ, ಉಳಿದಿದ್ದ ಬಾಟ್ಲಿ ಖಾಲಿ ಆದ ದಿನದಿಂದ ರುಚಿ ಇಳಿಯೋಕೆ ಶುರು.

ಹಾಗಾಗಿ ಹೋಗೋದು ಬಿಡ್ಬೇಡಿ, ಹೋಗಿ ಕೇಳಿ. ಭಾನುವಾರದ ರಶ್ಶಲ್ಲಿ ಬೇಡ, ವಾರದ ಮಧ್ಯ ಒಂದಿನ ಹೋಗಿ, ಅಡುಗೆ ಯಾರು ಮಾಡ್ತಿದಾರೆ, ಕಾಚಂಪುಳಿ ಎಲ್ಲಿಂದ ತರಿಸ್ತೀರ, ಪುಡಿ ಇಲ್ಲೇ ಹುರೀತೀರೋ ಪ್ಯಾಕೆಟ್ಟೋ ಅಂತ ಕೇಳಿ. "ಮೊದ್ಲಿನ ಥರ ಇಲ್ಲ" ಅಂತ ಬರೀ ಅಷ್ಟೇ ಹೇಳಿದ್ರೆ ಅವರಿಗೆ ಏನೂ ಗೊತ್ತಾಗಲ್ಲ, ಬೇಜಾರಾಗುತ್ತೆ ಅಷ್ಟೆ. ಮಸಾಲೆ ಇನ್ನೂ ಕಪ್ಪಗೆ ಹುರೀಬೇಕು, ಗ್ರೇವಿ ಕಮ್ಮಿ ಇರ್ಬೇಕು, ತುಂಡಲ್ಲಿ ಕೊಬ್ಬು ಇರ್ಬೇಕು, ಹೀಗೆ ಒಂದೊಂದೇ ಹೇಳಿ. ಸಾಧ್ಯ ಆದ್ರೆ ಆಂಟಿ ನಂಬರ್ ಇದ್ರೆ ಅವರಿಗೂ ಒಂದು ಫೋನ್ ಹಾಕಿ, ಊರಿನ ಸಪ್ಲೈ ಇವರಿಗೂ ಕೊಡಿಸೋಕಾಗುತ್ತಾ ಅಂತ. ಕೇಳೋಕೆ ಸಂಕೋಚ ಪಡ್ಬೇಡಿ, ಅವರಿಗೂ ತಾವು ಕಟ್ಟಿದ ಹೋಟ್ಲಿನ ಮೇಲೆ ಪ್ರೀತಿ ಇದ್ದೇ ಇರುತ್ತೆ.

ಕೈ ಬದಲಾದ ತಕ್ಷಣ ಎಲ್ಲ ಮುಗೀತು ಅನ್ನೋದೂ ನಿಜ ಅಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರು ಮಾಡಿದ್ದು ಉರಾಳರು, 1970ರಲ್ಲಿ ಅದನ್ನ ರಾಮಕೃಷ್ಣ ಅಡಿಗರು ತಗೊಂಡ್ರು. ಇವತ್ತು ದೋಸೆಗೆ ಕ್ಯೂ ನಿಂತಿರೋರಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿದೆ ಹೇಳಿ? ಎರಡನೇ ಮನೆಯವರ ಕೈಲಿ ಐವತ್ತು ವರ್ಷ ದಾಟಿದೆ.

ಪ್ರಶ್ನೆ: ಕಾಚಂಪುಳಿ ಹಾಕಿದಾರೋ ವಿನೆಗರ್ ಹಾಕಿದಾರೋ, ತಿನ್ನೋವಾಗ ಹೇಗೆ ಗೊತ್ತಾಗುತ್ತೆ?
- ಓದುಗರು, ಮೈಸೂರು

ಉತ್ತರ: ವಿನೆಗರ್ ಆದ್ರೆ ತಟ್ಟೆ ಹತ್ರ ಬಂದ ಕೂಡ್ಲೇ ಮೂಗಿಗೆ ಹೊಡಿಯುತ್ತೆ, ಹುಳಿ ನಾಲಿಗೆ ತುದೀಲಿ ಚುರ್ ಅಂದು ಹೋಗ್ಬಿಡುತ್ತೆ. ಕಾಚಂಪುಳಿ ಹುಳಿ ನಿಧಾನ, ತಿಂದು ನೀರು ಕುಡಿದ ಮೇಲೂ ಬಾಯಲ್ಲಿರುತ್ತೆ, ಕೊಬ್ಬಿನ ಜಿಡ್ಡನ್ನ ಅದೇ ಕಡಿಯೋದು. ಹುಣಸೆಹಣ್ಣಾದ್ರೆ ರಸ ಮಂದ ಆಗಿ ಸಾರಿನ ಥರ ಅನ್ಸುತ್ತೆ. ಆದ್ರೂ ತಿಂದು ಪರೀಕ್ಷೆ ಮಾಡೋದಕ್ಕಿಂತ "ಬಾಟ್ಲಿ ಒಂಚೂರು ತೋರಿಸ್ತೀರಾ" ಅಂತ ಕೇಳೋದು ವಾಸಿ. ನಿಜವಾಗ್ಲೂ ಹಾಕೋರು ಖುಷಿಯಿಂದ ತಂದು ತೋರಿಸ್ತಾರೆ.

ಇನ್ನೊಂದು ಗುರುತು ಹೇಳ್ತೀನಿ, ಬೈಂಬಳೆ ಕರಿ, ಅಂದ್ರೆ ಎಳೆ ಬಿದಿರು. ಅದು ಚಿಗುರೋದು ಮಳೆಗಾಲದಲ್ಲಿ, ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸ್ತಾ ನೆನೆ ಹಾಕ್ಲೇಬೇಕು, ಹಸಿಯಾಗಿ ತಿಂದ್ರೆ ವಿಷ. ಫೆಬ್ರವರೀಲಿ ಯಾರಾದ್ರೂ "ಫ್ರೆಶ್ ಬೈಂಬಳೆ" ಅಂದ್ರೆ ಅದು ಉಪ್ಪುನೀರಲ್ಲಿ ಇಟ್ಟಿದ್ದು, ತಿನ್ನೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಫ್ರೆಶ್ ಅಲ್ಲ. ಹಾಗೇ ಕೊಡವರ ಕಕ್ಕಡ ತಿಂಗಳ ಹದಿನೆಂಟು, ಅಂದ್ರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪು ಅನ್ನೋ ಔಷಧಿ ಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡ್ತಾರಾ ಕೇಳಿ. ಹೊಸ ಓನರ್ ಕೊಡವರಲ್ಲದಿದ್ರೂ ಅದನ್ನ ನೆನಪಿಟ್ಟು ಸೊಪ್ಪು ತರಿಸಿ ಮಾಡಿದಾರೆ ಅಂದ್ರೆ ನಾನಂತೂ ಅವರನ್ನ ನಂಬ್ತೀನಿ.

ಪ್ರಶ್ನೆ: ನಾನು ಹಾಸನದವನು, ಬೆಂಗಳೂರಲ್ಲಿ ಒಂದು ಚಿಕ್ಕ ಮಂಗ್ಳೂರು ಊಟದ ಹೋಟ್ಲು ತಗೊಂಡಿದೀನಿ. ಬರೋ ಗಿರಾಕಿಯೆಲ್ಲ ಹಳೇ ಓನರನ್ನೇ ಕೇಳ್ತಾರೆ, ಕೋರಿ ರೊಟ್ಟಿ (ಗರಿಗರಿ ಅಕ್ಕಿ ರೊಟ್ಟಿ, ಜೊತೆಗೆ ಕೋಳಿ ಗಸಿ) ತಿಂದು ಮುಖ ಸಿಂಡರಿಸ್ತಾರೆ. ಹೆಸರು ಬದಲಾಯಿಸಿ ಹೊಸದಾಗೇ ಶುರು ಮಾಡ್ಬಿಡ್ಲಾ?
- ಓದುಗರು, ಯಶವಂತಪುರ

ಉತ್ತರ: ಸಾರ್, ಮೊದ್ಲು ಹಳೇ ಭಟ್ರನ್ನ ಉಳಿಸ್ಕೊಳ್ಳಿ. ಅವರು ಇನ್ನೂ ಇದ್ರೆ ಸಂಬಳ ಜಾಸ್ತಿ ಮಾಡಿ, ಅವರು ಹೋಗಿದ್ರೆ ವಿಚಾರಿಸಿ ವಾಪಸ್ ಕರೀರಿ, ಪೇಂಟಿಗೆ, ಹೊಸ ಲೈಟಿಗೆ ಹಾಕೋ ದುಡ್ಡನ್ನ ಅಲ್ಲಿ ಹಾಕಿ. ನೀವು ಹಾಸನದವರು ಅನ್ನೋದು ಅಡ್ಡಿಯೇ ಅಲ್ಲ, ಗಿರಾಕಿಗೆ ಬೇಕಾಗಿರೋದು ತಟ್ಟೇಲಿರೋ ಊಟ. ಎರಡನೇದು ಸಾಮಾನು. ಕೋರಿ ಗಸಿಗೆ, ಅಂದ್ರೆ ಕೋಳಿ ಸಾರಿಗೆ, ಬ್ಯಾಡಗಿ ಮೆಣಸೇ ಬೇಕು, ಬಣ್ಣ ಬರುತ್ತೆ, ಖಾರ ಮಿತಿ ಮೀರಲ್ಲ, ಗುಂಟೂರು ಮೆಣಸು ಅಗ್ಗ ಅಂತ ಪೂರ್ತಿ ಅದನ್ನೇ ಹಾಕಿದ್ರೆ ಮುಖ ಸಿಂಡರಿಸದೆ ಇನ್ನೇನ್ಮಾಡ್ತಾರೆ ಹೇಳಿ. ಕೊಬ್ಬರಿ ಎಣ್ಣೆ ಬದ್ಲು ಪಾಮಾಯಿಲ್ ಹಾಕಿದ್ರೂ ಅಷ್ಟೇ, ಊಟಕ್ಕೆ ಕುಚ್ಚಲಕ್ಕಿ ತೆಗೆದು ಬರೀ ಬೆಳ್ತಕ್ಕಿ ಇಟ್ರೂ ಅಷ್ಟೇ. ರೊಟ್ಟಿ ಪ್ಯಾಕೆಟ್ಟು ಹಳಬರು ಯಾರ ಹತ್ರ ತರಿಸ್ತಿದ್ರೋ ಅವರ ಹತ್ರಾನೇ ತರಿಸಿ, ಗರಿಗರಿ ಇಲ್ದಿದ್ರೆ ಗಸಿ ಎಷ್ಟು ಚೆನ್ನಾಗಿದ್ರೂ ಉಪಯೋಗ ಇಲ್ಲ.

ಹಳೇ ಓನರ್ ಇನ್ನೂ ಫೋನ್ ಎತ್ತುತ್ತಾರೆ ಅಂದ್ರೆ ಒಂದು ತಿಂಗಳು ಬಂದು ಕೂತ್ಕೊಳ್ಳಿ ಅಂತ ಕೈ ಮುಗಿದು ಕೇಳಿ, ದುಡ್ಡು ಕೊಟ್ಟೇ ಕೇಳಿ. ಅಡುಗೆಮನೆಗಿಂತ ಹೆಚ್ಚಾಗಿ ಕೌಂಟ್ರಲ್ಲಿ ಅವರು ನಿಮ್ಮ ಪಕ್ಕ ಇದ್ರೆ ಹಳೇ ಗಿರಾಕಿಗೆ ಧೈರ್ಯ ಬರುತ್ತೆ. ಮುಂದೆ ಹೋಟ್ಲು ತಗೊಳ್ಳೋ ಯೋಚನೆ ಇರೋರು ಇದನ್ನ ಅಗ್ರಿಮೆಂಟಲ್ಲೇ ಬರೆಸ್ಕೊಳ್ಳಿ, ಸಪ್ಲೈ ಮಾಡೋರ ನಂಬರೂ ಸೇರಿಸಿ.

ಹೆಸರಿನ ವಿಷಯ. ಹೆಸರನ್ನೂ ನಿಮಗೆ ಕೊಟ್ಟಿದಾರಾ ಅಂತ ಅಗ್ರಿಮೆಂಟ್ ತೆಗೆದು ನೋಡಿ, ಹೆಸರು ಬೇರೆ ವ್ಯಾಪಾರ ಬೇರೆ ಆಗಬಹುದು. ಎಂಟಿಆರ್ ಪ್ಯಾಕೆಟ್ ಫುಡ್ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾಗೆ ಹೋಯ್ತು, ಹೋಟ್ಲು ಮಾತ್ರ ಮಯ್ಯ ಕುಟುಂಬದಲ್ಲೇ ಉಳೀತು, ಎರಡೂ ಕಡೆ ಎಂಟಿಆರೇ. ಹೆಸರು ನಿಮ್ದಾಗಿದ್ರೆ ಉಳಿಸ್ಕೊಳ್ಳಿ, ಆದ್ರೆ ಮುಚ್ಚಿಡ್ಬೇಡಿ. ಹೊಸ ಆಡಳಿತ, ಭಟ್ರು ಇವರೇ, ತಪ್ಪಿದ್ರೆ ಹೇಳಿ ಅಂತ ಒಂದು ಹಾಳೇಲಿ ಬರೆದು ಗೋಡೆಗೆ ಅಂಟಿಸಿ. ಎಫ್‌ಎಸ್‌ಎಸ್‌ಎಐ ಲೈಸೆನ್ಸು (ಆಹಾರ ಸುರಕ್ಷತೆ ಲೈಸೆನ್ಸು) ಹಳಬರ ಹೆಸರಲ್ಲೇ ಓಡಿಸ್ತಿದ್ರೆ ಈ ವಾರವೇ ನಿಮ್ಮ ಹೆಸರಿಗೆ ಹೊಸದಕ್ಕೆ ಅರ್ಜಿ ಹಾಕಿ. 2022ರ ಜನವರಿಯಿಂದ ಬಿಲ್ಲಲ್ಲೂ ಆ ಲೈಸೆನ್ಸಿನ 14 ಅಂಕಿ ನಂಬರ್ ಇರ್ಬೇಕು.

ಪ್ರಶ್ನೆ: ಓನರ್ ಬದಲಾದ್ಮೇಲೆ ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಅಂತ ಸೇರಿಸ್ತಿದಾರೆ. ಕೊಡ್ಲೇಬೇಕಾ?
- ಓದುಗರು, ಜಯನಗರ

ಉತ್ತರ: ಕೊಡ್ಬೇಕಾಗಿಲ್ಲ. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿ ಪ್ರಕಾರ ಹೋಟ್ಲಿನವರು ತಾವಾಗೇ ಅದನ್ನ ಬಿಲ್ಲಿಗೆ ಸೇರಿಸೋ ಹಾಗಿಲ್ಲ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿ ಹಿಡಿದಿದೆ. ಸಮಾಧಾನವಾಗಿ ತೆಗೀರಿ ಅಂತ ಹೇಳಿ, ಒಪ್ಪದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಸರ್ವ್ ಮಾಡಿದ ಹುಡುಗನ ಕೆಲಸ ಇಷ್ಟ ಆಗಿದ್ರೆ ಟಿಪ್ಸು ಅವನ ಕೈಗೇ ಕೊಡಿ.

ಪ್ರಶ್ನೆ: ಆ್ಯಪಲ್ಲಿ ರೇಟಿಂಗ್ 4.4 ಇದೆ ಅಂತ ಹೋದ್ರೆ ಊಟ ಬಹಳ ಕೆಟ್ಟದಾಗಿತ್ತು. ಆಮೇಲೆ ಗೊತ್ತಾಯ್ತು ಓನರ್ ಬದಲಾಗಿದಾರೆ ಅಂತ. ಮೊದ್ಲೇ ತಿಳ್ಕೊಳ್ಳೋದು ಹೇಗೆ?
- ಓದುಗರು, ಹುಬ್ಬಳ್ಳಿ

ಉತ್ತರ: ಆ ನಂಬರಲ್ಲಿ ಹಳಬರ ಕಾಲದ ಸ್ಟಾರೂ ಸೇರಿರುತ್ತೆ. ರಿವ್ಯೂನ ಹೊಸದು ಮೊದ್ಲು ಬರೋ ಹಾಗೆ ಇಟ್ಕೊಂಡು ಕಳೆದ ಎರಡು ಮೂರು ತಿಂಗಳದ್ದು ಮಾತ್ರ ಓದಿ, ಫೋಟೋಗಳನ್ನೂ ಹಾಗೇ ನೋಡಿ, ಅದೇ ಐಟಮ್ಮು ಹಳೇ ಫೋಟೋಲಿ ಒಂದು ಬಣ್ಣ ಹೊಸ ಫೋಟೋಲಿ ಇನ್ನೊಂದು ಬಣ್ಣ ಇದ್ರೆ ಅಡುಗೆಯವರು ಬದಲಾಗಿರೋ ಸಾಧ್ಯತೆ ಜಾಸ್ತಿ. ಅದಕ್ಕಿಂತ ಸುಲಭ ಅಂದ್ರೆ ಹೊರಡೋ ಮುಂಚೆ ಫೋನ್ ಮಾಡಿ ಕೇಳೋದು. ನೀವು ರಿವ್ಯೂ ಬರೀವಾಗ ಓನರ್ ಬದಲಾಗಿದಾರೆ ಅನ್ನೋದನ್ನ ಮೊದಲ ಸಾಲಲ್ಲೇ ಹಾಕಿ, ಯಾವ ಐಟಮ್ಮಲ್ಲಿ ಏನು ಸರಿ ಇರ್ಲಿಲ್ಲ ಅಂತ ಬರೀರಿ, ಎರಡು ತಿಂಗಳು ಬಿಟ್ಟು ಮತ್ತೆ ಹೋದಾಗ ಸರಿ ಹೋಗಿದ್ರೆ ಅದೇ ರಿವ್ಯೂನ ತಿದ್ದಿ.